ನನ್ನ ತಂಗಿಯ ಫುಕಟ್ ಕಡಲು

ಮಗಳು ಬಾಗಿಲಾ ತಗೀಲಿಲ್ಲ ಅಂತ ನಮ್ಮ ಮಂದಿ ಹೇಳಿಕೊಂಡು ತಿರುಗುವುದೆಲ್ಲ ಸುಳ್ಳು. ಮೊದಲಿನ ನಾಕು ಸಲ ನನ್ನ ತಂಗಿ ತನ್ನ ಮಗಳ ಮನಿಯ ಓಣಿಯೊಳಗ ಕಾಲೇ ಇಟ್ಟಿರಲಿಲ್ಲ. ನಾಕು ಸಲ ಘಟ್ಟಾ ಇಳದಳು, ನಾಕು ಸಲ ಹತ್ತಿದಳು. ಅಂಜಿಕಿ. ನಡದದ್ದು ಇಷ್ಟ. ಹಿರೇಕೆರೂರಿನ ನಮ್ಮ ನೆಂಟರು ಇದಕ್ಕ ಕೈಕಾಲು ಹಚ್ಚಿ ಕುಣಿಸಾಕತ್ತಾರ, ಅದಕ್ಕ ಬರೀಬೇಕಾತು. ನಾ ಕಲತದ್ದು ನಾಕನೇ ಇಯತ್ತೆ. ತಪ್ಪಿದ್ದರ ತಿದ್ದಿಕೊಂಡು ಓದ್ರಿ, ಇಲ್ಲಾಂದ್ರ ಬಿಡ್ರಿ.

ಕಡಲದಂಡಿಯ ಮೀನುಗಾರರ ಊರಿನೊಳಗ ಪೈಸಾ ಬಿಚ್ಚದ ಏನೇನು ನೋಡಬಹುದು, ಎಲ್ಲಿ ನೆರಳಿಗೆ ಕುಂದರಬಹುದು, ಯಾವ ಗುಡಿಯೊಳಗ ಮಧ್ಯಾಹ್ನ ಪ್ರಸಾದ ಕೊಡತಾರ, ಎಲ್ಲಾ ನನ್ನ ತಂಗೀನ ಕೇಳ್ರಿ. ಊರ ಪಂಚಾಯ್ತಿಯವರಿಗೂ ಅಷ್ಟು ಗೊತ್ತಿರಲಿಕ್ಕಿಲ್ಲ. ಆ ನಾಕು ಸಲದಾಗ ಆಕಿ ನೋಡದ ಬಿಟ್ಟದ್ದು ಒಂದ ಒಂದು. ಮಗಳ ಮನಿ!

ಹಿಂದಿನದು ಸ್ವಲ್ಪ ಹೇಳಬೇಕು. ಆಕಿ ಮನಿ ಸವಣೂರು, ನನ್ನದು ಹಾನಗಲ್. ಆಕಿಗೆ ಒಂದು ವೀಳ್ಯದ ಎಲಿತೋಟ, ಒಬ್ಬಾಕಿ ಮಗಳು. ಹುಡುಗಿ ಶಿಗ್ಗಾಂವಕ್ಕ ಕಾಲೇಜಿಗೆ ಹೋಗುವಾಗ, ಅಲ್ಲಿಗೆ ಮೀನಿನ ಗಾಡಿ ತರುತ್ತಿದ್ದ ಹುಡುಗನ್ನ ಮೆಚ್ಚಿ, ಅವನ ಸಂಗಾಟ ಹೋಗಿ ಲಗ್ನಾ ಮಾಡಿಕೊಂಡಳು. ನಮ್ಮ ಮನಿಯೊಳಗ ತತ್ತಿ ಸುದ್ದಾ ಒಳಗ ಬಂದಿಲ್ಲ, ಇನ್ನು ಮೀನು! ಉಳಿದವರಾದ್ರ ಅಳತಾರ, ಬೈತಾರ, ಸುಮ್ಮನಾಗತಾರ. ನನ್ನ ತಂಗಿ ಹಂಗ ಸುಮ್ಮನಾಗುವ ಜಾತಿ ಅಲ್ಲ. ಮಣ್ಣಿಗೆ ಹೋಗಿ ಬಂದವರು ಮಾಡತಾರಲ್ಲ, ಹಂಗ ಹಿತ್ತಲದಾಗ ಕುಂತು ಉಟ್ಟ ಅರಿವಿ ಸಮೇತ ತಲಿ ಮ್ಯಾಲೆ ತಣ್ಣೀರು ಸುರಕೊಂಡಳು. “ಮಗಳು ಸತ್ತಳು, ತೀರಿತು” ಅಂದಳು. ಮೂರು ವರ್ಷ ಮಗಳ ಹೆಸರು ಎತ್ತಲಿಲ್ಲ. ನೆಗಡಿ ಮಾತ್ರ ಎಂಟು ದಿನ ಬಿಡಲಿಲ್ಲ!

ಈ ವರ್ಷ ಹುಡುಗಿ ನನಗ ಫೋನ್ ಮಾಡಿದಳು. “ದೊಡ್ಡವ್ವಾ, ಐದು ತಿಂಗಳಾತು. ಅವ್ವಗ ಹೇಳಬ್ಯಾಡ” ಅಂದಳು. ಹೇಳಬ್ಯಾಡ ಅಂದ್ರ ಏನರ್ಥ? ಹೇಳಿದೆ. ನಮ್ಮ ಕಡೆ ಚೊಚ್ಚಲ ಬಸುರಿಗೆ ಐದು, ಏಳು, ಇಲ್ಲಾ ಒಂಬತ್ತನೇ ತಿಂಗಳದಾಗ ತವರಿನವರು ಕುಬಸಾ ಮಾಡಬೇಕು. ಹಸರ ಸೀರಿ, ಹಸರ ಬಳಿ, ಬಯಕಿ ಬುತ್ತಿ ತಗೊಂಡು ಹೋಗಿ ಅವ್ವ ಮಗಳ ಉಡಿ ತುಂಬಬೇಕು. ಸತ್ತಳಂತ ನೀರು ಹಾಕ್ಕೊಂಡಾಕಿ ಕುಬಸಾ ಹೆಂಗ ಮಾಡಬೇಕು ಅಂತ ಹಿರಿಯರು ಯಾರೂ ಹೇಳಿಟ್ಟಿಲ್ಲ. ಅವರ್ಯಾರೂ ಇಂಥ ಹುಚ್ಚು ಕೆಲಸ ಮಾಡಿರಲಿಲ್ಲಲ್ಲ!

ನಾಕನೇ ದಿನ ಮುಂಜಾನೆ ನನ್ನ ಬಾಗಿಲಿಗೆ ಬಂದು ನಿಂತಳು.

“ಅಕ್ಕಾ, ನಡಿ, ಕಡಲಾ ನೋಡಿ ಬರೂಣು.”

“ಅರವತ್ತು ವರ್ಷ ಬೇಡಾದ ಕಡಲಾ ಇವತ್ಯಾಕ ಬೇಕಾತು?”

“ಹೆಣ್ಣಮಕ್ಕಳಿಗೆ ಬಸ್ ಫುಕಟ್ ಐತಿ. ಕಡಲಾನೂ ಫುಕಟ್ ಐತಿ. ನಿಂದೇನ ಗಂಟು ಹೋಗತೈತಿ?”

ಚೀಲದ ಬಾಯಿಂದ ಹಸರ ಸೀರಿಯ ಸೆರಗು ಇಣುಕುತ್ತಿತ್ತು. ನಾ ಕಂಡೆ. ನಾ ಕಂಡದ್ದನ್ನ ಆಕಿನೂ ಕಂಡಳು. ಸೆರಗನ್ನ ಒಳಗ ತುರುಕಿದಳು. ಆಧಾರ್ ಕಾರ್ಡ್ ಹಿಡಕೊಂಡು ಶಿರಸಿ ಬಸ್ ಹತ್ತಿದೆವು.

ಕಡಲಾ ನೋಡಿದ ಕೂಡಲೆ ಆಕಿ ಕೇಳಿದ ಮೊದಲ ಮಾತು: “ಅಕ್ಕಾ, ಇದರ ಕೋಡಿ ಎಲ್ಲೈತಿ?”

“ಕಡಲಿಗೆ ಕೋಡಿ ಇರಾಂಗಿಲ್ಲ.”

“ಮತ್ತ ತುಂಬಿದರ ಹೆಚ್ಚಿನ ನೀರು ಎಲ್ಲಿ ಹೋಗಬೇಕು? ಆಚೆ ಕಡೆ ದಂಡೀನೂ ಕಾಣವಲ್ದು. ಕಟ್ಟಿಸಿದಾಂವ ಅರ್ಧಕ್ಕ ಬಿಟ್ಟು ಹೋಗ್ಯಾನ ನೋಡು!”

ದೇವರ ಕೆಲಸದೊಳಗ ತಪ್ಪು ಹುಡುಕಿ ಮುಗಿಸಿ, ಉಸುಕಿನ ಮ್ಯಾಲೆ ಕುಂತಳು. “ಮಗಳ ಮನಿ ಎಲ್ಲೈತಂತ ಕೇಳೂಣೇನು?” ಅಂದೆ. “ಉಂಡು ಹೋಗೂಣು” ಅಂತ ಬುತ್ತಿ ಬಿಚ್ಚಿದಳು. ಜ್ವಾಳದ ರೊಟ್ಟಿ, ಎಣ್ಣಿಗಾಯಿ, ಶೇಂಗಾ ಹಿಂಡಿ, ಎಳ್ಳ ಹೋಳಿಗಿ. ಬಸುರಿ ಹುಡುಗಿಯ ಬಯಕಿಗಂತ ಮಾಡಿದ ಬುತ್ತಿಯನ್ನ ಮೊಮ್ಮಕ್ಕಳನ್ನ ಎತ್ತುವ ವಯಸ್ಸಿನ ಇಬ್ಬರು ಮುದುಕಿಯರು ತಿಂದೆವು. ನಮಗ ಯಾವ ಬಯಕಿರಿ? ಉಂಡ ಮ್ಯಾಲೆ “ಹೊತ್ತಾತು, ಬಸ್ ತಪ್ಪತೈತಿ” ಅಂದಳು. ಬಿಸಲು ನೆತ್ತಿಯಿಂದ ಇಳದಿರಲಿಲ್ಲ!

ಏಳನೇ ತಿಂಗಳಿಗೆ ಮತ್ತ ಹೋದೆವು. ಈ ಸಲ ಕಡಲದಂಡ್ಯಾಗ ಮುದುಕರು ಮೀನಿನ ಬಲಿ ರಿಪೇರಿ ಮಾಡುತ್ತ ಕುಂತಿದ್ದರು. ಅವರ ನಡುವ ಹೋಗಿ ಕುಂತು, ಗಡಿಗಿ ತೂಗುಹಾಕುವ ನೆಲುವು ಹೆಣೆಯುವ ಗಂಟು ಅಂತ ಅವರ ಬಲಿಗೆ ನಾಕು ಗಂಟು ಹಾಕೇ ಬಿಟ್ಟಳು. ಒಬ್ಬ ಮುದುಕ ಜಗ್ಗಿ ನೋಡಿದ, ಹಲ್ಲಿಲೆ ಕಚ್ಚಿ ನೋಡಿದ.

“ಭಾರೀ ಗಂಟು ಮಾರಾಯ್ತಿ! ಇದನ್ನ ಬಿಚ್ಚೂದು ಹೆಂಗೆ?”

“ಬಿಚ್ಚಾಕ ನನಗ ಬರಾಂಗಿಲ್ರಿ. ಹಾಕಾಕ ಅಷ್ಟ ಬರತೈತಿ.”

ಅವರು ನಕ್ಕು ಚಾ ತರಿಸಿ ಕೊಟ್ಟರು. ನನಗ ನಗು ಬರಲಿಲ್ಲ. ಅವತ್ತೂ ಬುತ್ತಿ ನಾವ ತಿಂದೆವು. ಹೋಳಿಗಿ ಒಂದನ್ನ ಕಾಗಿ ಒಯ್ದಿತು. ಬಯಕಿ ಬುತ್ತಿ ಅಂತ ಅದಕ್ಕರ ತಿಳೀತೋ ಏನೋ.

ಮೂರನೇ ಸಲ ನಾ ಜೋರು ಮಾಡಿದೆ. “ಇವತ್ತ ಮಗಳ ಮನಿ. ಇಲ್ಲಾಂದ್ರ ನಾ ಬರಾಂಗಿಲ್ಲ.” ಹೂಂ ಅಂದಳು. ಬಸ್ ಇಳದು ಸೀದಾ ಧಕ್ಕಿಗೆ ಕರಕೊಂಡು ಹೋದಳು, ದೋಣಿಗಳು ಮೀನು ಇಳಿಸುವ ಜಾಗಕ್ಕ! ಅಲ್ಲಿ ಹೆಂಗಸರು ಸಾಲಾಗಿ ಕುಂತು ಮೀನು ಮಾರುತ್ತಿದ್ದರು. ಸೆರಗಿಲೆ ಮೂಗು ಮುಚ್ಚಿಕೊಂಡು, ದಪ್ಪ ಮೂಗುತಿಯ ಒಬ್ಬಾಕಿ ಮುಂದ ಹೋಗಿ ನಿಂತಳು. ನನ್ನ ಕಿವಿಯೊಳಗ, “ನನ್ನ ಬೀಗ್ತಿ. ಫೋನಿನ್ಯಾಗ ಫೋಟೋ ನೋಡೇನಿ” ಅಂದಳು.

ಸತ್ತ ಮಗಳ ಅತ್ತಿಯ ಫೋಟೋ ಈಕಿ ಫೋನಿನೊಳಗ ಹೆಂಗ ಬಂತು? ಕೇಳಬ್ಯಾಡ್ರಿ. ನನಗೂ ಹೇಳಲಿಲ್ಲ.

“ಯಂತ ಬೇಕು ಅಮ್ಮ? ಬಂಗಡೆ ಕೊಡ್ಲಾ?” ಅಂದಳು ಬೀಗ್ತಿ.

“ನಾವು ತಿನ್ನಾಂಗಿಲ್ರಿ.”

“ಮತ್ತೆ ಯಂತಕ್ಕೆ ನಿಂತದ್ದು?”

“ಸುಮ್ನ, ನೋಡಾಕ. ನೋಡಾಕ ರೊಕ್ಕಾ ಕೊಡಬೇಕೇನ್ರಿ?”

ನಾ ಭೂಮಿಯೊಳಗ ಇಳದು ಹೋದೆ. ಬೀಗ್ತಿ ನಕ್ಕು, ಖಾಲಿ ಪೆಟ್ಟಿಗಿ ಬೋರಲು ಹಾಕಿ “ಕೂತ್ಕಳಿ” ಅಂದಳು. ಕುಂತಾಕಿ ಸುಮ್ಮನಿರಬೇಕಲ್ಲ? “ಗೋಣಿತಟ್ಟು ತೊಯ್ಸಿ ಹೊಚ್ಚರಿ, ನಾವು ಎಲಿ ಬುಟ್ಟಿಗೆ ಹಂಗ ಮಾಡತೇವಿ, ಬಾಡಾಂಗಿಲ್ಲ” ಅಂತ ಮೀನಕ್ಕ ವೀಳ್ಯದೆಲಿಯ ಉಪಚಾರ ಹೇಳಿಕೊಟ್ಟಳು. ಎರಡು ತಾಸು ಕುಂತಳು. ತಾ ಯಾರು ಅಂತ ಮಾತ್ರ ಹೇಳಲಿಲ್ಲ. ಬಸ್ಸಿನೊಳಗ ಬೈದೆ. “ಸತ್ತಳಂತ ನೀರು ಸುರಕೊಂಡೇನಿ ಅಕ್ಕಾ. ಯಾವ ಮಾರೀಲೆ ಅವರ ಹೊಸ್ತಿಲಾ ತುಳೀಲಿ?” ಅಂದಳು. ಅದಕ್ಕೂ ಬೈದೆ. ಬೈಯುವುದು ಒಂದ ನನಗ ಬರುವುದು.

ಒಂಬತ್ತು ತುಂಬಾಕ ಬಂತು. ಇದು ತಪ್ಪಿದರ ಕುಬಸಾ ಇಲ್ಲ. ನಾಕನೇ ಸಲ ಹೋದಾಗ ಬೀಗ್ತಿ ನಮ್ಮನ್ನ ನೋಡಿ ಪೆಟ್ಟಿಗಿ ಹಾಕಲಿಲ್ಲ. ಕೈ ತೊಳಕೊಂಡು ಎದ್ದು ನಿಂತಳು.

“ಇವತ್ತು ಮನೆಗೇ ಬಂದ್ಬಿಡಿ ಬೀಗ್ತಿ” ಅಂದಳು.

ನನ್ನ ತಂಗಿ ಮಾರಿ ಬಿಳಿಚಿತು. “ಹೆಂಗ ಗೊತ್ತಾತ್ರಿ?”

“ಹೋದ ಸಲವೇ ಗೊತ್ತಾಗಿತ್ತು. ಆ ಮೂಗು ದಿನಾ ನಮ್ಮನೆ ಒಳಗೆ ಓಡಾಡ್ತದೆ. ಸೆರಗಲ್ಲಿ ಮುಚ್ಚಿದ್ರೆ ಆಯ್ತಾ? ಬಾಯಿ ಸುದ್ದಾ ಅದೇ! ಸೊಸೆಗೆ ನಾನು ಹೇಳ್ಲಿಲ್ಲ. ಕಾದು ಕೂತು ನೀವು ಬರದಿದ್ರೆ ಬಸುರಿ ಜೀವ ನೋಯ್ತದೆ.” ಆಮೇಲೆ ದನಿ ಇಳಿಸಿದಳು. “ಮೀನಿನ ವಾಸನೆಗೇ ವಾಂತಿ ಮಾಡ್ತಾಳೆ. ಜೋಳದ ರೊಟ್ಟಿ ಬೇಕಂತಾಳೆ. ನಾನು ಮಾಡಿದ್ದು ತವಾಕ್ಕೆ ಹೋಗೂದರೊಳಗೆ ನಾಕು ಚೂರು. ಪಾಪ, ಆ ಚೂರನ್ನೇ ತಿಂದು ಚೆಂದ ಆಗಿದೆ ಅಂತಾಳೆ. ಆ ರೊಟ್ಟಿ ಬಡಿಯೂದು ಹೆಂಗೆ?”

ನನ್ನ ತಂಗಿ ಅಲ್ಲೇ ಕುಂತಳು. ಹಸಿ ಉಸುಕು ಮುದ್ದಿ ಮಾಡಿದಳು. ಮೀನಿನ ಪೆಟ್ಟಿಗಿಯ ಮ್ಯಾಲೆ ಇಟ್ಟು, ಅಂಗೈಲೆ ಬಡಿಯುತ್ತ ತಿರುವುತ್ತ ತೋರಿಸಿದಳು. “ಅಂಚಿನಿಂದ ಬಡೀರಿ, ನಡುವ ಒತ್ತಬ್ಯಾಡ್ರಿ. ಹಿಟ್ಟಿಗೆ ಕುದಿಯೂ ನೀರ ಹಾಕ್ರಿ.” ಬೀಗ್ತಿಯೂ ಒಂದು ಮುದ್ದಿ ತಗೊಂಡು ಬಡಿದಳು. ಟಪ್ ಟಪ್, ಟಪ್ ಟಪ್. ಮೀನು ಕೊಳ್ಳಾಕ ಬಂದವರು ನಿಂತು ನೋಡಿದರು. ಮೀನು ಮುಟ್ಟದ ನನ್ನ ತಂಗಿಯ ಮೊಣಕೈತನಕ ಮೀನಿನ ಹುರುಪಿ ಹತ್ತಿತ್ತು. ಆಕಿಗೆ ಅದರ ಖಬರೂ ಇರಲಿಲ್ಲ.

ಇನ್ನ ಕೆಲಸ ಆತು ಅಂದುಕೊಂಡೆ. ನನಗಿಂತ ಹುಚ್ಚಿ ಯಾರದಾರ! ಬೀಗ್ತಿ ಬುಟ್ಟಿ ಎತ್ತಿ “ನಡೀರಿ” ಅಂದಳು. ಓಣಿಯ ತುದಿಗೆ ಬಂದೆವು. ಅಲ್ಲಿಂದ ಮನಿ ಕಾಣುತ್ತಿತ್ತು, ಅಂಗಳದಾಗ ಸೀರಿ ಒಣಹಾಕಿದ್ದರು. ಹಿಂತಿರುಗಿ ನೋಡತೇನಿ, ನನ್ನ ತಂಗಿ ಇಲ್ಲ! ಚೀಲಾ ಬಗಲಾಗ ಹಿಡಕೊಂಡು ಬಸ್ ಸ್ಟ್ಯಾಂಡಿನ ಕಡೆ ಓಡಾಕತ್ತಾಳ. ಮಂಡಿನೋವು ಅಂತ ನನ್ನ ಮನಿಯ ಮೂರು ಮೆಟ್ಟಲ ಹತ್ತದಾಕಿ! ಬೀಗ್ತಿ ನನ್ನ ಮಾರಿ ನೋಡಿದಳು. ನಾ ಏನ ಹೇಳಲಿ? ಕೈ ಮುಗದು ನಾನೂ ಓಡಿದೆ.

ಘಟ್ಟಾ ಹತ್ತುವ ಬಸ್ ಹಿಡದೆವು. ಈ ಸಲ ನಾ ಬೈಯಲಿಲ್ಲ, ಸಾಕಾಗಿತ್ತು. ಇದು ಮುಗೀತು, ಅವ್ವ ಮಗಳಿಬ್ಬರೂ ಹಿಂಗ ಸಾಯತಾರ ಅಂತ ಮನಸ್ಸಿನ್ಯಾಗ ಬರದಿಟ್ಟುಬಿಟ್ಟೆ. ಶಿರಸಿ ದಾಟಿದ ಮ್ಯಾಲೆ ಕಿಟಕಿ ಕಡೆ ಮಾರಿ ಮಾಡಿಕೊಂಡೇ ಅಂದಳು:

“ಅಕ್ಕಾ, ಆಕಿಗೆ ರೊಟ್ಟಿ ತೆಳ್ಳಗ ಬೇಕು. ಪದರ ಉಬ್ಬಬೇಕು, ಇಲ್ಲಾಂದ್ರ ಮುಟ್ಟಾಂಗಿಲ್ಲ, ಸಣ್ಣಾಕಿದ್ದಾಗಿಂದ ಹಂಗ. ಅದೊಂದು ಬೀಗ್ತಿಗೆ ಹೇಳೂದ ಮರತ್ನಿ.”

ಹಾನಗಲ್ ಬರುವತನಕ ಅತ್ತಳು. ಐವತ್ತು ವರ್ಷದಾಗ ಆಕಿ ಅತ್ತದ್ದನ್ನ ನಾ ನೋಡಿರಲಿಲ್ಲ. ಗಂಡ ಸತ್ತಾಗ ಸುದ್ದಾ ಇಲ್ಲ. ಸವಣೂರಿಗೆ ಕಳಿಸಲಿಲ್ಲ, ನನ್ನ ಮನಿಯೊಳಗ ಇಟ್ಟುಕೊಂಡೆ.

ಮರುದಿನ ಮುಂಜಾನೆ ಬಡದೆಬ್ಬಿಸಿದೆ. “ಮೈ ಸರಿ ಇಲ್ಲ” ಅಂದಳು. ಕೇಳಲಿಲ್ಲ. ತಲಿ ಬಾಚಿದೆ, ರಟ್ಟಿ ಹಿಡದು ಶಿರಸಿ ಬಸ್ ಹತ್ತಿಸಿದೆ. ಆಕೀನ ಕಿಟಕಿ ಕಡೆ ಒತ್ತಿ ಕೂಡ್ರಿಸಿ, ಹಸರ ಸೀರಿಯ ಚೀಲಾ ನನ್ನ ತೊಡಿ ಮ್ಯಾಲೆ ಇಟ್ಟುಕೊಂಡು, ಹಾದಿ ಕಡೆ ನಾ ಕುಂತೆ, ನನ್ನ ದಾಟಿ ಇಳಿಯಾಕ ಬರದಂಗ.