ನನ್ನ ಖಾನಾವಳಿಯಲ್ಲಿ ಅಮೆರಿಕದ ಪಾಯ

ನನ್ನ ಕೈಲಿ ಖಾನಾವಳಿ ನಡೆಯುವುದಿಲ್ಲ ಎಂದು ಮೊದಲು ಹೇಳಿದವರು ನನ್ನ ಗಂಡನ ಅಣ್ಣ. "ನಾಕನೇ ಕ್ಲಾಸ್ ಕಲ್ತಾಕಿ ದಾದರದಾಗ ಅಂಗಡಿ ಇಡ್ತಾಳಂತ. ಬೋರ್ಡ್ ಓದಾಕರ ಬರತೈತೇನು ಕೇಳ್ರಿ" ಎಂದು ಎಲ್ಲರೆದುರು ನಕ್ಕಿದ್ದರು. ಮರಾಠಿ ಬೋರ್ಡುಗಳನ್ನು ಬೇಗನೆ ಓದಿದೆ. ಇಂಗ್ಲಿಷನ್ನು ರದ್ದಿ ಪೇಪರಿನಿಂದ ಕಲಿತೆ. ಯಾರೂ ಕಲಿಸಲಿಲ್ಲ; ಕಲಿಸುತ್ತೇನೆಂದು ಬಂದ ಒಬ್ಬಿಬ್ಬರನ್ನು ನಾನೇ ವಾಪಸು ಕಳಿಸಿದೆ. ಆದರೆ ಗಿರಾಕಿಗಳು ಸುಮ್ಮನೆ ಉಂಡು, ಕೈ ತೊಳೆದುಕೊಂಡು ಹೋದ ದಿನ ಮಾತ್ರ ನನಗೆ ನೆನಪಿಲ್ಲ. ರೊಟ್ಟಿಯ ಜೊತೆ ಏನಾದರೊಂದು ನಡೆಯುತ್ತಲೇ ಇರುತ್ತದೆ. ಒಮ್ಮೆ ಅಮೆರಿಕವೇ ಬಂದು ಕೂತಿತು.

ಟಿವಿಯಲ್ಲಿ ಪ್ರಮಾಣವಚನ

ಕಿಟಕಿ ಪಕ್ಕದ ಟೇಬಲ್ಲಿನಲ್ಲಿ ಇಬ್ಬರು ದಿನವೂ ಒಟ್ಟಿಗೆ ಉಣ್ಣುತ್ತಿದ್ದರು. ಒಬ್ಬರು ಧಾರವಾಡದ ರಾಯರು. ಬ್ಯಾಂಕಿನಿಂದ ನಿವೃತ್ತರು, ಹೆಂಡತಿ ತೀರಿಕೊಂಡಿದ್ದಾರೆ. ಇನ್ನೊಬ್ಬರು ಮಂಗಳೂರು ಕಡೆಯ ಕ್ರಿಶ್ಚಿಯನ್ ಮಾಸ್ತರು. ಮುನ್ಸಿಪಾಲಿಟಿಯ ಕನ್ನಡ ಶಾಲೆಯಲ್ಲಿ ಇತಿಹಾಸ ಕಲಿಸಿದವರು, ಮದುವೆಯಾಗಲೇ ಇಲ್ಲ.

ಅವತ್ತು ಗೋಡೆಯ ಟಿವಿಯಲ್ಲಿ ಅಮೆರಿಕದ ಅಧ್ಯಕ್ಷರು ಬೈಬಲ್ ಮುಂದೆ ಪ್ರಮಾಣವಚನ ತೆಗೆದುಕೊಳ್ಳುತ್ತಿದ್ದರು.

"ನೋಡ್ರಿ ಮಾಸ್ತರ, ನಿಮ್ಮ ಸರಕಾರ" ಅಂದರು ರಾಯರು.

"ನನ್ನ ಸರಕಾರ ದಿಲ್ಲಿಯಲ್ಲಿ ಉಂಟು."

"ಅಲ್ರೀ, ಕ್ರಿಸ್ತನ ಪಾಯದ ಮ್ಯಾಲೆ ಕಟ್ಟಿದ ಸರಕಾರ ಅದು. ಅವರ ನೋಟಿನ ಮ್ಯಾಲೂ ದೇವರ ಮ್ಯಾಲೆ ಭರೋಸಾ ಅಂತ ಬರದದ."

"ಅದು ಎಷ್ಟೋ ಕಾಲದ ನಂತರ ಬರೆದದ್ದು ಮಾರಾಯ್ರೆ. ದೇವರ ಮೇಲೆ ಭರವಸೆ ಅಂತ ಲಾರಿಯ ಹಿಂದೆಯೂ ಬರೆದಿರುತ್ತಾರೆ. ಲಾರಿ ಓಡುವುದು ಡೀಸೆಲಿನಿಂದ."

ಸುತ್ತಲಿನವರು ನಕ್ಕರು. ರಾಯರಿಗೆ ಅದು ನಾಟಿತು. "ಇರಲಿ ಬಿಡ್ರಿ, ನಿಮ್ಮವರ ಪರ ನೀವು ಮಾತಾಡ್ಲಿಕ್ಕೇ ಬೇಕು" ಅಂದುಬಿಟ್ಟರು.

ತಮಾಷೆ ಅಂದರೆ, ಮಾಸ್ತರು ವಾದಿಸುತ್ತಿದ್ದದ್ದು ಕ್ರಿಸ್ತನ ಪಾಯ ಅಲ್ಲ ಎಂದು. ಅದನ್ನು ತಿಳಿಸಿ ಹೇಳುವ ಮನಸ್ಸು ಅವರಿಗೆ ಉಳಿಯಲಿಲ್ಲ. ಮಜ್ಜಿಗೆ ಕುಡಿಯದೆ ಎದ್ದು ಹೋದರು. ಮರುದಿನ ಬಾಗಿಲ ಪಕ್ಕದ ಟೇಬಲ್ಲಿಗೆ ಕೂತರು. ಅಮೆರಿಕ ಹೇಗೂ ನಿಂತಿತ್ತು, ನನ್ನ ಕಿಟಕಿಯ ಟೇಬಲ್ಲು ಬಿತ್ತು.

ನಾನು ಓದಿ ಕೆಡಿಸಿದ್ದು

ಇಬ್ಬರೂ ನೇರ ಮಾತು ಬಿಟ್ಟರು, ವಾದ ಬಿಡಲಿಲ್ಲ. "ಅಕ್ಕಾ, ಅವರಿಗೆ ಹೇಳಿ" ಎಂದು ಇವರು. "ಅಕ್ಕಾರ, ಅವರಿಗೆ ಕೇಳ್ರಿ" ಎಂದು ಅವರು. ನಾನು ಒಂದು ಕೈಯಲ್ಲಿ ಝುಣಕ, ಇನ್ನೊಂದರಲ್ಲಿ ಅಮೆರಿಕ ಹಿಡಿದು ಓಡಾಡಿದೆ.

ಈ ಜಗಳ ನಾನೇ ಮುಗಿಸುತ್ತೇನೆ ಎಂದು ಹಟ ಬಂತು. ಫುಟ್‌ಪಾತಿನ ಹಳೆ ಪುಸ್ತಕದವನ ಹತ್ತಿರ ಅಮೆರಿಕದ ಸಂವಿಧಾನ ಹುಡುಕಿ ತಂದೆ. ಮಧ್ಯಾಹ್ನದ ಗದ್ದಲ ಇಳಿದ ಮೇಲೆ ಡಿಕ್ಷನರಿ ಪಕ್ಕಕ್ಕಿಟ್ಟುಕೊಂಡು ಓದಿದೆ. ಕ್ರಿಸ್ತನ ಹೆಸರಿಲ್ಲ. ಅಧಿಕಾರಕ್ಕೆ ಬರಲು ಯಾವ ಧರ್ಮವನ್ನೂ ಕೇಳಬಾರದು ಎಂದು ಬರೆದಿದೆ. ಬಹಳ ಹೆಮ್ಮೆಯಿಂದ ಎರಡೂ ಟೇಬಲ್ಲಿಗೆ ಕೇಳುವಂತೆ ಅಷ್ಟನ್ನೂ ಹೇಳಿದೆ. ಓದಿದ್ದು ಪೂರ್ತಿ ಎಂದು ತೋರಿಸಲು ಇನ್ನೊಂದನ್ನೂ ಸೇರಿಸಿದೆ: "ಕಟ್ಟಕಡೀಗೆ ತಾರೀಖು ಹಾಕೋವಾಗ ಮಾತ್ರ 'ನಮ್ಮ ಪ್ರಭುವಿನ ವರ್ಷ' ಅಂತ ಐತಿ."

"ಹಾಂ" ಅಂದರು ರಾಯರು. "ತಾರೀಖಿನ್ಯಾಗ ಅದಾನಲ್ಲ. ಸಾಕು."

"ಅವರಿಗೆ ಹೇಳಿ ಅಕ್ಕಾ" ಅಂದರು ಮಾಸ್ತರು, "ಶನಿವಾರ ಸಿಗುತ್ತೇನೆ ಅಂದ ಮಾತ್ರಕ್ಕೆ ನಾನು ಶನಿದೇವರ ಭಕ್ತ ಆಗುವುದಿಲ್ಲ."

ಜಗಳ ಎರಡು ವಾರ ಬೆಳೆಯಿತು. ತಾರೀಖಿನ ವಿಷಯ ಅಲ್ಲಿಯವರೆಗೆ ರಾಯರಿಗೆ ಗೊತ್ತೇ ಇರಲಿಲ್ಲ.

ಗೋಡೆಯ ಮೇಲಿನ ಗಡ್ಡದವರು

ಒಮ್ಮೆ ರಾಯರು ನನ್ನ ಗಲ್ಲಾದ ಕಡೆ ಕೈ ತೋರಿಸಿದರು. "ಅಕ್ಕಾರ, ಅವರಿಗೆ ಹೇಳ್ರಿ. ಯಾರ ಫೋಟೋ ಗೋಡೆ ಮ್ಯಾಲೆ ಇರತದೋ, ಅವರದ್ದ ಪಾಯ."

ನನ್ನ ಗೋಡೆಯ ಮೇಲೆ ಬಸವಣ್ಣನವರಿದ್ದಾರೆ. ಅವರ ಪಕ್ಕದಲ್ಲಿ ಬಿಳಿ ಪೇಟದ, ಉದ್ದ ಗಡ್ಡದ ಒಬ್ಬರಿದ್ದಾರೆ. ಇಲ್ಲಿ ಮೊದಲು ಪಾರಸಿ ಧರ್ಮದ ಇರಾನಿ ಮುದುಕನೊಬ್ಬನ ಚಹಾದಂಗಡಿ ಇತ್ತು. ಆ ಮುದುಕ ಕೀಲಿ ಕೊಡುವಾಗ, "ಇವರು ನಮ್ಮ ಪ್ರವಾದಿ, ಇಳಿಸಬೇಡ ಬಾಯಿ, ಎಷ್ಟೋ ವರ್ಷ ಅಂಗಡಿ ಕಾದಿದ್ದಾರೆ" ಅಂದಿದ್ದ. ನಾನು ಇಳಿಸಲಿಲ್ಲ. ಬಸವಣ್ಣನವರಿಗೆ ಮಾಲೆ ತಂದ ದಿನ ಅವರಿಗೂ ತರುತ್ತೇನೆ.

"ಹಾಗಾದರೆ ಈ ಖಾನಾವಳಿ ಪಾರಸಿಗಳದ್ದು ಅನ್ನಿ" ಅಂದರು ಮಾಸ್ತರು.

ಪಕ್ಕದಲ್ಲಿ ಉಣ್ಣುತ್ತಿದ್ದ ವಿಕ್ರೋಳಿಯ ಫ್ಯಾಕ್ಟರಿಯವನೊಬ್ಬ ತಲೆಯೆತ್ತಿದ. ಹಳೆಯ ಗಿರಾಕಿ. "ಅವರು ಅಕ್ಕನ ಮಾವನವರಲ್ಲೇನ್ರಿ? ನಾ ದಿನಾ ಕೈ ಮುಗದು ಹೋಗ್ತೇನಿ."

ಭೂಗೋಳ

ಮಾಸ್ತರ ಬಿಲ್ಡಿಂಗು ಕೆಡವಿ ಕಟ್ಟುವುದೆಂದು ತೀರ್ಮಾನವಾಯಿತು. ತಿಂಗಳ ಕೊನೆಗೆ ಬೊರಿವಲಿಯ ತಂಗಿಯ ಮನೆಗೆ ಹೊರಡಬೇಕು. "ಅವರಿಗೆ ಹೇಳಬೇಡಿ ಅಕ್ಕಾ" ಅಂದರು, ಇಡೀ ಖಾನಾವಳಿಗೆ ಕೇಳುವಂತೆ.

ಹೀಗೇ ಮುನಿಸಿಕೊಂಡು ಹೋದರೆ ಈ ವಯಸ್ಸಿನಲ್ಲಿ ಮತ್ತೆ ಕೂಡುತ್ತಾರೆಯೇ ಎಂದು ಯೋಚಿಸುತ್ತ ರೊಟ್ಟಿ ಬಡಿದೆ. ರಾಯರು ಅನ್ನದಲ್ಲಿ ಬೆರಳಾಡಿಸುತ್ತ ಕೂತಿದ್ದರು.

"ಅಕ್ಕಾರ, ಬೊರಿವಲಿ ಫಾಸ್ಟ್ ಲೋಕಲ್ ಎಷ್ಟು ಹೊತ್ತು ತಗೋತದ?"

"ಯಾಕ್ರಿ, ಹೋಗೋರದೀರೇನು?"

"ಇಲ್ಲ. ಸುಮ್ನ. ಭೂಗೋಳ."

ನೀರು ಸುತ್ತಿದ ಮೇಲೆ

ಮಾಸ್ತರ ಕೊನೆಯ ದಿನ ಬಂತು. ಇಬ್ಬರಿಗೂ ತಾಟು ಹಾಕಿದೆ. ರಾಯರು ತಾಟಿನ ಸುತ್ತ ನೀರು ಸುತ್ತಿ, ನಾಲ್ಕು ಅಗುಳು ಬದಿಗಿಟ್ಟರು. ಒಮ್ಮೆ ನೀರು ಸುತ್ತಿದರೆ ಊಟ ಮುಗಿಯುವವರೆಗೆ ಅವರು ಏಳುವಂತಿಲ್ಲ. ಮಾಸ್ತರು ಬಾಗಿಲ ಹತ್ತಿರ ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡರು. ಇಬ್ಬರೂ ತುತ್ತು ಎತ್ತಲಿಲ್ಲ. ರೊಟ್ಟಿ ಆರಿತು. ಬಿಸಿಯದು ತಂದು ಹಾಕಿದೆ. ಅದೂ ಆರಿತು.

"ಮಾಸ್ತರ" ಅಂದರು ರಾಯರು. ನನಗಲ್ಲ, ನೇರವಾಗಿ ಅವರಿಗೆ. "ನಾ ಅಲ್ಲಿಗೆ ಬರಬೇಕಂತ ಮನಸ್ಸದ. ಆದ್ರ ಏಳೂಹಂಗಿಲ್ಲ. ನೀರು ಸುತ್ತಿಬಿಟ್ಟೀನಿ."

"ಸುತ್ತುವ ಮೊದಲು ಬರಬೇಕಿತ್ತು."

"ಮೊದಲ ಧೈರ್ಯ ಆಗಲಿಲ್ರೀ."

ಮಾಸ್ತರು ತಾಟು ಎತ್ತಿಕೊಂಡು ನಡೆದು ಬಂದು ಎದುರಿಗೆ ಕೂತರು. "ನಮ್ಮಲ್ಲಿ ಏಳಬಹುದು."

"ಅದೊಂದು ಛಲೋ ಸೌಕರ್ಯ ನೋಡ್ರಿ ನಿಮ್ಮಲ್ಲಿ." ರಾಯರ ದನಿ ಇಳಿಯಿತು. "ಅವತ್ತು ನಿಮ್ಮವರು ಅಂದೆ. ಅನಬಾರದಿತ್ತು."

"ಅನ್ನಬಾರದಿತ್ತು" ಅಂದರು ಮಾಸ್ತರು. "ನಮ್ಮವರು ಇಲ್ಲಿ ಕೂತಿದ್ದಾರೆ."

ನಾನು ಒಳಗೆ ಹೋಗಿ, ಯಾರೂ ಕೇಳದ ಹಪ್ಪಳ ಸುಟ್ಟೆ. ತರುವಷ್ಟರಲ್ಲಿ ರಾಯರು, "ಪಾಯದ ಮಾತು ಮಾತ್ರ ಬ್ಯಾರೆ. ಪಾಯ ಕ್ರಿಸ್ತಂದ" ಎನ್ನುತ್ತಿದ್ದರು. "ಅಲ್ಲ ಮಾರಾಯ್ರೆ" ಎಂದು ಮಾಸ್ತರು ಎರಡನೇ ರೊಟ್ಟಿ ಮುರಿಯುತ್ತಿದ್ದರು.

ಈಗ ಮಾಸ್ತರು ಪ್ರತಿ ಗುರುವಾರ ಬೊರಿವಲಿಯಿಂದ ಲೋಕಲ್ ಹಿಡಿದು ಜಗಳಕ್ಕೆ ಬರುತ್ತಾರೆ. ಲೋಕಲ್ಲಿನಲ್ಲಿ ಸೀಟು ಹಿಡಿಯುವ ಹಾಗೆ ರಾಯರು ಎದುರಿನ ಕುರ್ಚಿಯ ಮೇಲೆ ಕರವಸ್ತ್ರ ಹಾಸಿ ಕೂತಿರುತ್ತಾರೆ. ಸೋಮವಾರವೂ ಹಾಸುತ್ತಾರೆ, ಮಂಗಳವಾರವೂ ಹಾಸುತ್ತಾರೆ. ಗಿರಾಕಿಗಳು ಬಾಗಿಲಲ್ಲಿ ಸಾಲು ನಿಂತಿರುವಾಗ ನಾನೊಮ್ಮೆ ಹೇಳಿಯೇಬಿಟ್ಟೆ.

"ರಾಯರ, ಇವತ್ತ ಮಂಗಳವಾರ."

"ಗೊತ್ತದ ರೀ. ಅಕಸ್ಮಾತ್ ಅವರಿಗೆ ಏನರೆ ಹೊಸಾ ಪಾಯಿಂಟ್ ಹೊಳೀತಂದ್ರ?"

ಈ ಗಾಳಾ, ಅಂದರೆ ಅಂಗಡಿಯ ಜಾಗ, ಈಗ ಬಾಡಿಗೆಯದಲ್ಲ, ನನ್ನ ಹೆಸರಿನಲ್ಲಿದೆ. ಹೊರಗಿನ ಬೋರ್ಡು ನಾನೇ ಬರೆಸಿದ್ದು, ಕಪಾಟು ತುಂಬ ನಾನೇ ಓದಿದ ಪುಸ್ತಕಗಳು. ಅದಕ್ಕೆ ತೆತ್ತದ್ದು ಇಡೀ ಪ್ರಾಯದ ಮಧ್ಯಾಹ್ನದ ನಿದ್ದೆ, ಎರಡು ಮೊಣಕಾಲು, ಮತ್ತು ಊಟದ ಹೊತ್ತಿನಲ್ಲಿ ದಿನಾ ಒಂದು ಕುರ್ಚಿ.