ಭರಣಿಯಲ್ಲಿ ಕೊಳೆತ ಕೀರ್ತಿ

ಹಬ್ಬುವಾಡದ ಶಾಂತಾರಾಮರಿಗೆ ಮದುವೆಯಾಗಿ ಇಪ್ಪತ್ತೇಳು ವರ್ಷವಾಗಿದ್ದರೂ ಹೆಂಡತಿ ಚಂಪಾಳ ಬಾಯಿಂದ ಒಂದೇ ಒಂದು 'ಭೇಷ್' ಬಂದಿರಲಿಲ್ಲ. ತಪ್ಪು ಪೂರ್ತಿ ಅವಳದೆನ್ನುವಂತಿಲ್ಲ. ಶಾಂತಾರಾಮರು ಜನ್ಮತಃ ಆರಂಭಶೂರರು. ಅವರು ಕಲಿಯಹೊರಟ ಹಾರ್ಮೋನಿಯಂ ಅಟ್ಟ ಸೇರಿತ್ತು. ಯೋಗದ ಚಾಪೆಯ ಮೇಲೆ ಹಪ್ಪಳ ಒಣಗುತ್ತಿತ್ತು.

ಎರಡು ಸಾವಿರದ ಆರರ ನವೆಂಬರಿನಲ್ಲಿ ಕಚೇರಿ ಕೆಲಸಕ್ಕೆಂದು ಅಂಕೋಲೆಗೆ ಹೋದವರು ಅಲ್ಲಿ ನಡೆಯುತ್ತಿದ್ದ ಸಾವಯವ ಕೃಷಿ ತರಬೇತಿಗೆ ನುಗ್ಗಿ (ಊಟದ ವ್ಯವಸ್ಥೆ ಇದೆ ಎಂದು ಬೋರ್ಡಿನಲ್ಲಿ ಬರೆದಿತ್ತು) ಹಣ್ಣಿನ ದ್ರವಗೊಬ್ಬರವೆಂಬ ಮಹಾವಿದ್ಯೆಯನ್ನು ಮನೆಗೆ ಹೊತ್ತು ತಂದರು.

"ಚಂಪಾ, ಕೊಳೆತ ಹಣ್ಣು, ಅದರಷ್ಟೇ ಬೆಲ್ಲ, ಇಪ್ಪತ್ತು ದಿವಸ. ಆಮೇಲೆ ಅಂಗಳದ ಬದನೆ, ಮೆಣಸು ಹ್ಯಾಂಗೆ ಕಾಯಿ ಬಿಡ್ತದೆ ನೋಡು."

"ನಿಮ್ಮ ಕೈ ತಾಗಿದ್ರೆ ಹುಲ್ಲೂ ಒಣಗ್ತದೆ."

"ಕಾಯಿ ಬಿಟ್ರೆ?"

"ಬಿಟ್ರೆ ವೈಜಯಂತಿ ಅಕ್ಕನ ಎದುರಿಗೇ ನಿಮ್ಮನ್ನ ಹೊಗಳ್ತೆ. ಬಿಡದಿದ್ರೆ ಇನ್ನು ಈ ಮನೆಯಲ್ಲಿ ಹೊಸ ಯೋಜನೆ ಎತ್ತೂದಿಲ್ಲ ಹೇಳಿ ದೇವರ ಮುಂದೆ ಹೇಳ್ಬೇಕು."

ವೈಜಯಂತಿ ಅಕ್ಕ ಅಂಕೋಲೆಯಲ್ಲಿರುವ ಚಂಪಾಳ ಅಕ್ಕ. ಅವಳ ಗಂಡ ತೆಂಗಿನಮರ ಹತ್ತುವುದರಿಂದ ಹಿಡಿದು ಮಿಕ್ಸರ್ ರಿಪೇರಿಯವರೆಗೆ ಸಕಲಕಲಾವಲ್ಲಭ. ಅವನ ಗುಣಗಾನ ಕೇಳಿ ಕೇಳಿ ಶಾಂತಾರಾಮರ ಕಿವಿ ತೂತು ಬಿದ್ದಿತ್ತು. ಅಂಥವಳ ಎದುರಿಗೆ ಹೊಗಳಿಕೆ! ಅವರು ತಕ್ಷಣ ಒಪ್ಪಿದರು.

ಮರುದಿನವೇ ಕಾರ್ಖಾನೆ ಆರಂಭವಾಯಿತು. ಕಪ್ಪಾದ ಬಾಳೆಹಣ್ಣು, ಅಂಗಡಿಯವನು ಎಸೆಯಲಿಟ್ಟಿದ್ದ ಪಪ್ಪಾಯಿ, ಚಿಕ್ಕು, ಎಲ್ಲವನ್ನೂ ಈಳಿಗೆಯ ಮುಂದೆ ಕೂತು ಹೆಚ್ಚಿ ಉಪ್ಪಿನಕಾಯಿಯ ಭರಣಿಗೆ ತುಂಬಿದರು. ಮನೆಯಲ್ಲಿ ಉಂಡೆಬೆಲ್ಲ ಮುಗಿದಿತ್ತು. ದೋಸೆಗೆಂದು ಅಕ್ಕ ಕಳಿಸಿದ್ದ, ಪಾಕದಂಥ ಜೋನಿ ಬೆಲ್ಲವನ್ನೇ ಡಬ್ಬಿ ತಟ್ಟಿ ತಟ್ಟಿ ಸುರಿದರು. ಅದನ್ನು ಕಂಡ ಚಂಪಾ ಎರಡು ದಿನ ಮಾತು ಬಿಟ್ಟಳು. (ಗೊಬ್ಬರದ ಮೊದಲ ಪ್ರಯೋಜನವೆಂದು ಶಾಂತಾರಾಮರು ಮನಸ್ಸಿನಲ್ಲೇ ಗುರುತು ಹಾಕಿಕೊಂಡರು.)

ಆದರೆ ಒಪ್ಪಲೇಬೇಕು, ಈ ಸಲ ಮನುಷ್ಯ ಕೈಬಿಡಲಿಲ್ಲ. ದಿನಾ ಬೆಳಿಗ್ಗೆ ಚಹಕ್ಕೂ ಮೊದಲು ಭರಣಿಯ ಬಟ್ಟೆ ಬಿಚ್ಚುವುದು, ಕೋಲಿನಿಂದ ತಿರುವುವುದು, ಮೂಸುವುದು, ವಹಿಯಲ್ಲಿ ಬರೆಯುವುದು. ಮೊದಲ ವಾರ ಪಾಯಸದ ಪರಿಮಳ ಬಂತು, ಎರಡನೆಯ ವಾರ ಪಕ್ಕದ ಮನೆಯವರು ಕಿಟಕಿ ಮುಚ್ಚಿದರು, ಮೂರನೆಯ ವಾರ ದಾರಿಹೋಕರಿಬ್ಬರು ಗೇಟಿನ ಹತ್ತಿರ ನಿಂತು ಆಸೆಯಿಂದ ಮೂಗರಳಿಸಿದರು. ಇಪ್ಪತ್ತೊಂದನೆಯ ದಿನ ಸೋಸಿದಾಗ ಕಾಫಿ ಡಿಕಾಕ್ಷನ್ನಿನಂಥ ದ್ರವ ಐದು ಬಾಟಲಿ ತುಂಬಿತು.

ಬಕೆಟ್ ನೀರಿಗೆ ಎರಡು ಚಮಚ ಎಂದು ತರಬೇತಿಯಲ್ಲಿ ಬರೆಸಿದ್ದರು. ಚಮಚದ ಲೆಕ್ಕ ಬಡವರಿಗೆ ಎಂದುಕೊಂಡ ಶಾಂತಾರಾಮರು ಒಂದು ಮೆಣಸಿನ ಗಿಡಕ್ಕೆ ಲೋಟ ತುಂಬ ಹಾಗೇ ಹೊಯ್ದರು. ಮೂರನೆಯ ದಿನ ಗಿಡ ಕತ್ತು ಚೆಲ್ಲಿತು, ಇರುವೆಗಳು ಅಂತ್ಯಯಾತ್ರೆಗೆ ಸಾಲುಗಟ್ಟಿ ಬಂದವು.

"ಅದರ ಆಯುಷ್ಯ ಅಷ್ಟೇ ಇತ್ತು," ಎಂದು ತೀರ್ಪು ಕೊಟ್ಟು ಉಳಿದ ಗಿಡಗಳಿಗೆ ದಿನವೂ ಗೊಬ್ಬರ ಉಣಿಸತೊಡಗಿದರು.

ಆಶ್ಚರ್ಯ ನೋಡಿ, ಮುಂದೆ ಒಂದು ಗಿಡವೂ ಸಾಯಲಿಲ್ಲ. ಸಂಕ್ರಾಂತಿ ಕಳೆಯುವಷ್ಟರಲ್ಲಿ ಬದನೆಯ ಗಿಡಗಳಿಗೆ ಊರುಗೋಲು ಕೊಡಬೇಕಾಯಿತು. ಕಚೇರಿಯಲ್ಲಿ ಫೈಲುಗಳು ಮಲಗಿದವು, ಗೊಬ್ಬರದ ಉಪನ್ಯಾಸ ಎದ್ದಿತು. ಶಾಂತಾರಾಮರು ತಾವೇ ಫೋನು ಮಾಡಿ, ಪಂಥದ ಕಥೆಯನ್ನೂ ಹೇಳಿ ವೈಜಯಂತಿ ಅಕ್ಕನನ್ನು ಭಾನುವಾರಕ್ಕೆ ಕರೆಸಿದರು.

ಅಕ್ಕ ಬಂದಳು, ಬದನೆ ಹಿಡಿದು ನೋಡಿದಳು, "ಚಲೋ ಬಂದದೆ," ಎಂದಳು. ಶಾಂತಾರಾಮರು ಅಂಗಿಯ ಕಾಲರ್ ಸರಿಮಾಡಿಕೊಂಡು, "ಹ್ಞಾಂ ಚಂಪಾ, ಈಗ ಹೇಳು," ಎಂದರು.

ಚಂಪಾ ಬಾಯಿ ತೆರೆಯುವಷ್ಟರಲ್ಲಿ ಗೇಟು ಸದ್ದಾಯಿತು. ಭಾನುವಾರದ ಸಂತೆಗೆ ಅಂಕೋಲೆ ಕಡೆಯಿಂದ ತರಕಾರಿ ತರುವ ಹೊನ್ನಿ ಬುಟ್ಟಿ ಇಳಿಸಿದಳು. ಅದರಲ್ಲಿದ್ದ ಹರಿವೆ ಸೊಪ್ಪು ಮೊಳದುದ್ದವಿತ್ತು.

"ಅಮ್ಮಾ, ಆ ಹಣ್ಣಿನ ನೀರು ಇನ್ನೂ ಅದ್ಯಾ? ನೋಡಿ, ಹರಿವೆ ಎಂಥಾ ಬಂದದೆ."

"ಯಾವ ಹಣ್ಣಿನ ನೀರು?" ಶಾಂತಾರಾಮರ ದನಿ ತೆಳ್ಳಗಾಯಿತು. "ಅದು ನನ್ನ ಬಾಟ್ಲಿಯಲ್ಲಿ ಉಂಟಲ್ಲ."

ಚಂಪಾ ಸೆರಗಿನ ತುದಿ ತಿರುವಿದಳು. "ಮೆಣಸಿನ ಗಿಡ ಸತ್ತ ದಿವಸವೇ ತೆಗೆದೆ. ನಿಮ್ಮ ಬಾಟ್ಲಿಯಲ್ಲಿ ಇದ್ದದ್ದು ಚಾದ ಚರಟ ಕುದಿಸಿದ ನೀರು."

"ಹಾಗಾದ್ರೆ ಈ ಬದನೆ?"

"ನೀವು ಆಫೀಸಿಗೆ ಹೋದ ಮೇಲೆ ಮೀನು ತೊಳೆದ ನೀರು ಹಾಕ್ತಿದ್ದೆ. ನಮ್ಮ ಆಯಿಯೂ ಅದೇ ಹಾಕ್ತಿದ್ಲು."

"ನಂಗೆ ವಾಸನೆ ಬರಲಿಲ್ಲವಲ್ಲ."

"ಇಪ್ಪತ್ತು ದಿವಸ ಆ ಭರಣಿ ಮೂಸಿದ ಮೂಗು, ಇನ್ನೆಂಥ ವಾಸನೆ ಬರ್ತದೆ?"

"ನನ್ನ ಗೊಬ್ಬರ ಬೇಡದಿದ್ರೆ ಚೆಲ್ಲಬೇಕಿತ್ತು. ಹೊನ್ನಿಗೆ ಯಾಕೆ ಕೊಟ್ಟೆ?"

"ಅಕ್ಕನ ಜೋನಿ ಬೆಲ್ಲ ಹಾಕಿದ್ದು. ಚೆಲ್ಲೂಕೆ ಮನಸ್ಸು ಬರ್ತದ್ಯಾ?"

ಹೊನ್ನಿ ನಕ್ಕಳು. "ಬೆರಳಿಗೆ ಹಚ್ಚಿ ನೆಕ್ಕಿ ನೋಡ್ದೆ ಒಡೆಯಾ. ಬಾಳ ಜೋರಿತ್ತು. ಚಮಚಕ್ಕೆ ಒಂದು ಕೊಡ ನೀರು ಹಾಕ್ದೆ."

ತರಬೇತಿಗೆ ಹೋಗದೆ, ವಹಿ ಬರೆಯದೆ, ನಾಲಗೆಯ ತುದಿಯಿಂದಲೇ ಅಳತೆ ಕಂಡುಹಿಡಿದವಳನ್ನು ಶಾಂತಾರಾಮರು ಬೆರಗಾಗಿ ನೋಡಿದರು. ಮರುಕ್ಷಣ ಎದೆ ಉಬ್ಬಿತು. "ಅಂದ್ರೆ ನನ್ನ ಗೊಬ್ಬರ ಕೆಲಸ ಮಾಡ್ತದೆ."

"ಮಾಡ್ತದೆ. ನಮ್ಮ ಕೇರಿಯಲ್ಲಿ ಎಲ್ಲರೂ 'ಚಂಪಾಮ್ಮನ ನೀರು' ಬೇಕು ಹೇಳ್ತ್ರು. ಹತ್ತು ಬಾಟ್ಲಿ ಆದ್ರೂ ಬೇಕು."

ಉಬ್ಬಿದ ಎದೆ ಇಳಿಯಿತು. "ಮೊದಲೇ ನಂಗೆ ಯಾಕೆ ಹೇಳಲಿಲ್ಲ ಚಂಪಾ?"

"ಹೇಳೂದು ಹ್ಯಾಂಗೆ? ನೀವು ಒಂದು ಕೆಲಸವನ್ನ ಇಪ್ಪತ್ತು ದಿವಸ ಬಿಡದೆ ಮಾಡಿದ್ದು ಅದೇ ಮೊದಲು. ನೋಡೂಕೆ ಚಂದ ಕಾಣ್ತಿತ್ತು."

ಸಿಟ್ಟು ಬರಬೇಕಾಗಿತ್ತು. ಬರಲಿಲ್ಲ. ಮನೆಯ ಗಿಡ, ಹೊನ್ನಿಯ ಹರಿವೆ, ಗಂಡನ ಮಾನ ಮೂರನ್ನೂ ಸದ್ದಿಲ್ಲದೆ ಕಾಪಾಡಿದ ಈ ಹೆಂಗಸಿನ ಮೇಲೆ ಶಾಂತಾರಾಮರಿಗೆ ಹಿಂದೆಂದೂ ಇಲ್ಲದ ಅಭಿಮಾನ ಉಕ್ಕಿತು.

"ಅದೆಲ್ಲ ಇರಲಿ," ವೈಜಯಂತಿ ಅಕ್ಕ ನಡುವೆ ಬಂದಳು. "ಹೊಗಳ್ತೆ ಅಂದಿದ್ದೆಯಲ್ಲ. ಕಾಯಂತೂ ಬಿಟ್ಟದೆ. ಹೇಳಿಬಿಡು."

ಚಂಪಾ ಆಡಿದ ಮಾತಿಗೆ ತಪ್ಪುವವಳಲ್ಲ. ಗಂಡನನ್ನು ತಲೆಯಿಂದ ಕಾಲಿನವರೆಗೆ ನೋಡಿ, ಸ್ವಲ್ಪ ಯೋಚಿಸಿ, ಓಣಿಗೆಲ್ಲ ಕೇಳುವ ಹಾಗೆ ಹೇಳಿದಳು.

"ಭೇಷ್ ಅನ್ಬೇಕು ಅಕ್ಕಾ, ನಮ್ಮನೆಯವರು ಹಣ್ಣು ಬಾಳ ಚಲೋ ಹೆಚ್ತಾರೆ. ಇಷ್ಟು ಸಣ್ಣಕ್ಕೆ ಹೆಚ್ಚೂಕೆ ಭಾವನಿಗೂ ಬರೂದಿಲ್ಲ."

ಹತ್ತು ಬಾಟಲಿಗೆ ಸಾಕಾಗುವಷ್ಟು ಪಪ್ಪಾಯಿ ಅಂದು ಸಂಜೆಯೇ ಬಂತು. ಅಳತೆ, ಸೋಸುವಿಕೆ, ಹೆಸರು ಎಲ್ಲ ಚಂಪಾಳದು ಎಂದು ತೀರ್ಮಾನವಾಯಿತು. ಶಾಂತಾರಾಮರು ಈಳಿಗೆಯ ಮುಂದೆ ಕೂತರು, ಮತ್ತು ಇನ್ನೂ ಸಣ್ಣಕ್ಕೆ ಹೆಚ್ಚತೊಡಗಿದರು.