ಸೊಂಟದವರೆಗೆ ಕೆಂಪು ಬಳಿದ ರಾಕ್ಷಸರು

ಇವತ್ತು ಮಾಡಿದ ಕೆಲಸಗಳನ್ನು ಮೊದಲು ಹೇಳಿಬಿಡುತ್ತೇನೆ. ನಳದ ನೀರು ಹಿಡಿದೆ. ಹಾಲು ಕಾಯಿಸಿದೆ. ಯಜಮಾನರ ಅಂಗಿಯ ಸಿಮೆಂಟು ಕೊಡವಿ ನೆನೆಹಾಕಿದೆ. ಅಕ್ಕಿ ಆರಿಸುವಾಗ ಒಂದು ರೆಕ್ಕೆ ಸಿಕ್ಕಿತು. ಜಿರಲೆಯದಲ್ಲ, ಬೆಂಕಿ ಉಗುಳುವ ಹಾವಿನದು. ತೊಳೆದು, ಒರೆಸಿ, ವಾರಸುದಾರನಿಗೆ ಒಪ್ಪಿಸಿದೆ. ಒಣಗಿದ ಬಟ್ಟೆ ಮಡಚಿದೆ. ಆಮೇಲೆ ಹನ್ನೆರಡು ರಾಕ್ಷಸರು ಗುಳಿಗೊಬ್ಬರಂತೆ ಕೂತ ಇಡ್ಲಿ ಸ್ಟ್ಯಾಂಡನ್ನು ಎರಡೂ ಕೈಯಲ್ಲಿ ಹಿಡಿದು, ಪರ್ವರಿಯ ಗುಡ್ಡ ಹತ್ತಿದೆ.

ನನ್ನ ಮೈದುನನಿಗೆ ಹುಚ್ಚಿಲ್ಲ ಎಂದು ನಾನು ಬೇಕಾದರೆ ಬರೆದುಕೊಡುತ್ತೇನೆ. ಹುಚ್ಚರಿಗೆ ಒಂದು ಮಿತಿ ಇರುತ್ತದೆ!

ಇವನು ಯಜಮಾನರ ಒಬ್ಬನೇ ತಮ್ಮ. ನಾನು ಸೊಸೆಯಾಗಿ ಬಂದಾಗ ಇನ್ನೂ ಮೀಸೆ ಮೂಡದ ಪೋರ. ಮುಂದೆ ನಾವು ವಿಜಯಪುರದ ಕಡೆಯಿಂದ ಗೋವಾಕ್ಕೆ ಬಂದು ಪರ್ವರಿಯಲ್ಲಿ ಬಾಡಿಗೆ ಮನೆ ಹಿಡಿದಾಗ ಅವನೂ ಹಿಂದೆಯೇ ಬಂದ. ವಾಸ್ಕೋದಲ್ಲಿ ಹಡಗುಗಳಿಗೆ ಬಣ್ಣ ಬಳಿಯುವ ಕೆಲಸ ಹಿಡಿದ. ಇಪ್ಪತ್ತಾರು ವರ್ಷ ಹಗ್ಗಕ್ಕೆ ಕಟ್ಟಿದ ಹಲಗೆಯ ಮೇಲೆ ಕೂತು ಹಡಗಿನ ಹೊಟ್ಟೆ ಸವರಿದ. ಮದುವೆ ಮಾಡಿಕೊಳ್ಳೋ ಮಾರಾಯ ಎಂದರೆ, "ಈ ಹಡಗ ಒಂದು ಒಣಗಲಿ ತಡೀರಿ ವೈನಿ" ಅನ್ನುತ್ತಿದ್ದ. ಇಪ್ಪತ್ತಾರು ವರ್ಷದಲ್ಲಿ ಅದು ಒಣಗಲೇ ಇಲ್ಲ!

ಹೋದ ಮಳೆಗಾಲದಲ್ಲಿ ಹಲಗೆಯಿಂದ ಜಾರಿ ಮೊಣಕಾಲು ಮುರಿದುಕೊಂಡ. ಕಾಲು ಕೂಡಿತು, ಆದರೆ ಮೇಸ್ತ್ರಿ ಮತ್ತೆ ಕರೆಯಲಿಲ್ಲ. ನಮ್ಮ ಮನೆಗೆ ಬಂದು ಕಿಟಕಿಯ ಪಕ್ಕ ಕೂತ. ಎಷ್ಟು ದಿನ ಕೂತಾನು? ಯಜಮಾನರು ದಾಬೋಲಿಮ್ ಕಡೆ ಏಳುತ್ತಿರುವ ಒಂದು ಕಟ್ಟಡದಲ್ಲಿ ವಾಚ್‌ಮನ್ ಕೆಲಸ ಗೊತ್ತು ಮಾಡಿದರು. ಗೇಟಿನ ಬಳಿ ತಗಡಿನ ಖೋಲಿ, ಅಲ್ಲೇ ವಾಸ, ಅಲ್ಲೇ ಅಡುಗೆ. ಆ ಮಾತು ಎತ್ತಿದರೆ ಮೈದುನನ ಮುಖ ಒಣಗಿದ ಬ್ರಷ್ಷಿನ ಹಾಗೆ ಆಗುತ್ತಿತ್ತು.

"ಯಾರೋ ಹಚ್ಚಿದ ಬಣ್ಣಾ ಕಾಯ್ಕೋತ ಕುಂದ್ರೂದು ನನ್ನ ಕಡಿಂದ ಆಗೂದಿಲ್ರಿ ವೈನಿ."

ಆಗ ನನ್ನ ಬಾಯಿ ಸುಮ್ಮನಿರಬಾರದಿತ್ತೇ?

ನಾನು ಅಡುಗೆಗೆ ಹೋಗುವ ಮನೆಯ ಮೇಡಂ ಇಲ್ಲಿಯವರೇ. ಅವರ ಕೆಳಗಿನ ಕೋಣೆಯಲ್ಲಿ ಭಾನುವಾರ ಭಾನುವಾರ ಒಂದಿಷ್ಟು ಜನ ಸೇರುತ್ತಾರೆ. ಗಡ್ಡದವರು, ಕನ್ನಡಕದವರು, ಒಬ್ಬರು ಹಲ್ಲಿನ ಡಾಕ್ಟರು. ಎಲ್ಲರೂ ಮೇಜಿನ ಸುತ್ತ ಕೂತು ಬೆರಳುದ್ದದ ಬೊಂಬೆಗಳನ್ನಿಟ್ಟು ಆಡುತ್ತಾರೆ. ಮೊದಲ ಸಲ ಚಹಾ ಕೊಡಲು ಹೋದವಳು ನೋಡಿ ಬೆಚ್ಚಿಬಿದ್ದೆ. ರೆಕ್ಕೆಯ ಹಾವು! ಒಂಟಿಗಣ್ಣಿನ ದೈತ್ಯ! ಸೊಂಟದ ಮೇಲೆ ಗಂಡಸು, ಕೆಳಗೆ ಕುದುರೆ! ಮಕ್ಕಳನ್ನು ಹೆದರಿಸುವ ವಯಸ್ಸಿನವರು ತಾವೇ ಇಂಥವನ್ನು ಎದುರಿಗಿಟ್ಟುಕೊಂಡು ಬಿಸ್ಕತ್ತು ತಿನ್ನುತ್ತಾರಲ್ಲ!

ಆ ಬೊಂಬೆಗಳು ಬರುವಾಗ ಬರೀ ಬೂದು ಬಣ್ಣ. ಬಣ್ಣ ಹಚ್ಚುವವರು ಸಿಗುತ್ತಿಲ್ಲ ಎಂದು ಮೇಡಂ ಒಂದು ದಿನ ಪೇಚಾಡಿದರು. ನಾನು ಹಿಟ್ಟು ನಾದುತ್ತಲೇ, ನನ್ನ ಮೈದುನ ಪೇಂಟರ್ ಇದ್ದಾನೆ ಅಂದೆ.

"ದೊಡ್ಡ ಕೆಲಸಗಳನ್ನು ಮಾಡಿದ್ದಾನಾ?" ಎಂದು ಮೇಡಂ ಹಿಂದಿಯಲ್ಲಿ ಕೇಳಿದರು.

"ಬಹಳ ದೊಡ್ಡವು" ಅಂದೆ. ಸುಳ್ಳೇನು ಹೇಳಿದೆ? ಈ ತುದಿಯಲ್ಲಿ ನಿಂತು ಕೂಗಿದರೆ ಆ ತುದಿಗೆ ಕೇಳಿಸದಷ್ಟು ದೊಡ್ಡವು!

ಪರೀಕ್ಷೆಗೆಂದು ಹನ್ನೆರಡು ಬೊಂಬೆ ಕೊಟ್ಟರು, ಮೂರು ವಾರ ಬಿಟ್ಟು ಭಾನುವಾರಕ್ಕೆ ಗಡುವು. ಚೆನ್ನಾಗಿ ಬಂದರೆ ಕಪಾಟಿನ ತುಂಬ ಇದೆ, ಎಲ್ಲ ಅವನಿಗೇ ಅಂದರು. ಯಜಮಾನರೂ ಒಂದು ಷರತ್ತು ಹಾಕಿದರು: "ಆ ನಿನ್ನ ಮೇಡಂ ಒಪ್ಪಿದ್ರ ಒಪ್ಪಿದ್ಲು. ಇಲ್ಲಂದ್ರ ಮರುದಿನಾ ಸೋಮವಾರ, ದಾಬೋಲಿಮ್. ಮತ್ತ ತಕರಾರ ತಗೀಬಾರದು."

ಮೈದುನನನ್ನು ಕರೆದುಕೊಂಡು ಹೋದಾಗ ಮೇಡಂ ಬಣ್ಣದ ಬಾಟಲಿಗಳನ್ನು ಮೇಜಿನ ಮೇಲಿಟ್ಟರು. ಒಂದೊಂದೂ ಹೆಬ್ಬೆರಳಿನಷ್ಟು. ಮೈದುನ ಒಂದನ್ನು ಎತ್ತಿ ಬೆಳಕಿಗೆ ಹಿಡಿದ.

"ಸ್ಯಾಂಪಲ್ ಚಲೋ ಐತ್ರಿ. ಡ್ರಮ್ ಎಲ್ಲೈತಿ?"

ಇದೇ ಡ್ರಮ್ಮು ಎಂದು ನಾನು ಕಿವಿಯಲ್ಲಿ ಹೇಳಬೇಕಾಯಿತು. ಯಾವುದಕ್ಕೆ ಯಾವ ಬಣ್ಣ ಎಂದು ಕೇಳಿದ. "ತುಮ್ಕೋ ಜೋ ಅಚ್ಛಾ ಲಗೇ" ಅಂದರು ಮೇಡಂ. ನಿನಗೆ ಯಾವುದು ಚೆಂದ ಅನಿಸುತ್ತದೋ ಅದು. ಖರೇ ರೆಕ್ಕೆಹಾವು ಯಾವ ಬಣ್ಣ ಇರುತ್ತದೆ ಎಂದು ಕೇಳಿದ. ಖರೇದು ಇಲ್ಲವೇ ಇಲ್ಲ ಅಂದರು. ಅಲ್ಲಿಂದ ಶುರುವಾಯಿತು ನೋಡಿ!

ಇಲ್ಲದ ಪ್ರಾಣಿಗೆ ಬಣ್ಣ ಎಲ್ಲಿಂದ ತರಬೇಕು? ಮೈದುನ ಇರುವ ಪ್ರಾಣಿಗಳಿಂದ ತರಲು ಹೊರಟ. ನಾನು ತರಕಾರಿಗೆ ಮಾಪುಸೆಗೆ ಹೊರಟಾಗ ಕುಂಟುತ್ತ ಜೊತೆಗೆ ಬಂದ. ತರಕಾರಿ ತಗೊಂಡು ತಿರುಗಿ ನೋಡಿದರೆ ಆಸಾಮಿ ಮೀನು ಮಾರುಕಟ್ಟೆಯಲ್ಲಿ ಕುಕ್ಕರುಗಾಲಲ್ಲಿ ಕೂತಿದ್ದಾನೆ! ಬಾಂಗಡೆಯೊಂದನ್ನು ಬಾಲ ಹಿಡಿದು ಬಿಸಿಲಿಗೆ ತಿರುಗಿಸುತ್ತಾನೆ, ಬೆನ್ನು ನೋಡುತ್ತಾನೆ, ಹೊಟ್ಟೆ ನೋಡುತ್ತಾನೆ, ಕೆಳಗಿಡುತ್ತಾನೆ, ಇನ್ನೊಂದನ್ನು ಎತ್ತುತ್ತಾನೆ. ಮೀನಿನಾಕೆ ಅರ್ಧ ಗಂಟೆ ತಾಳ್ಮೆಯಿಂದ ನೋಡಿ, ಕೊನೆಗೆ ಸೊಂಟಕ್ಕೆ ಕೈಯಿಟ್ಟಳು.

"ಕಿತೆಂ ಜಾಯ್ ರೇ ತುಕಾ?" ಏನಪ್ಪಾ ಬೇಕು ನಿನಗೆ?

"ರಂಗ್ ಜಾಯ್" ಅಂದ ಮೈದುನ. ಬಣ್ಣ ಬೇಕಂತೆ!

ಆಕೆ ಕತ್ತಿಯ ಕಡೆ ಕೈ ಚಾಚಿದಳು. ನಾನು ಕ್ಷಮೆ ಕೇಳಿ ಎಂಟು ಬಾಂಗಡೆ ಕೊಂಡೆ. ಮನೆಯಲ್ಲಿ ಸಾರಿಗೆ ಸಿಕ್ಕಿದ್ದು ಆರು. ಉಳಿದೆರಡು ಕಿಟಕಿಯಲ್ಲಿ ಮಾದರಿಯಾಗಿ ಮಲಗಿದವು, ಬೆಕ್ಕು ಬಂದು ಕಲಾಸೇವೆ ಮುಗಿಸುವವರೆಗೂ.

ಇದಾದರೂ ಪರವಾಗಿಲ್ಲ. ಯಜಮಾನರ ಹೆಬ್ಬೆರಳಿನ ಕಥೆ ಕೇಳಿ. ಸೈಟಿನಲ್ಲಿ ಸುತ್ತಿಗೆ ಏಟು ಬಿದ್ದು ಬೆರಳು ಬದನೆಕಾಯಿಯಾಗಿತ್ತು. ನಾನು ಅರಿಶಿನ ಬಿಸಿ ಮಾಡಿಕೊಂಡು ಬರುವಷ್ಟರಲ್ಲಿ ತಮ್ಮ ಅಣ್ಣನ ಕೈಯನ್ನು ಟ್ಯೂಬ್‌ಲೈಟಿನ ಕೆಳಗೆ ಹಿಡಿದುಕೊಂಡು ನಿಂತಿದ್ದಾನೆ! ಎಷ್ಟು ಕಾಳಜಿ ಅಂದುಕೊಂಡೆ. ನನ್ನ ಕಣ್ಣಲ್ಲಿ ನೀರು ಬರುವುದೊಂದು ಬಾಕಿ.

"ಅಣ್ಣಾ, ಅಲ್ಲಾಡಬ್ಯಾಡೋ. ಒಂಟಿಗಣ್ಣಿನವನ ಮೈಬಣ್ಣ ಸಿಕ್ತು!"

"ಲೇ, ನಾ ಇಲ್ಲಿ ಜೀವಾ ಬಿಡಾಕತ್ತೇನಿ!"

"ಒಂದ ಐದ ಮಿನಿಟ ತಡದು ಬಿಡು. ಈ ನೀಲಿ ಮತ್ತ ಸಿಗೂದಿಲ್ಲ."

ಪೆಟ್ಟು ಬಿದ್ದ ಬೆರಳು ದಿನಕ್ಕೊಂದು ಬಣ್ಣ ತಿರುಗುತ್ತದಲ್ಲ, ನಮ್ಮ ದೈತ್ಯನೂ ದಿನಕ್ಕೊಂದು ಬಣ್ಣ ತಿರುಗಿದ. ನೇರಳೆಯ ಮೇಲೆ ಹಸಿರು, ಹಸಿರಿನ ಮೇಲೆ ಹಳದಿ. ಹತ್ತು ದಿನಕ್ಕೆ ಬೆರಳು ವಾಸಿಯಾಗಿ, ದೈತ್ಯ ಪಾಪ ಸಾಮಾನ್ಯ ಮನುಷ್ಯನಾದ. ಮೈದುನ ನಿಟ್ಟುಸಿರು ಬಿಟ್ಟು, "ಅಣ್ಣಾ, ಇನ್ನೊಮ್ಮೆ ಬಡ್ಕೋತಿಯೇನೋ?" ಎಂದು ಕೇಳಿದ. ಕೇಳಿಯೇ ಬಿಟ್ಟ! ಅವತ್ತು ಯಜಮಾನರು ಊಟ ಬಿಟ್ಟು ಎದ್ದರು.

ಬಣ್ಣ ಬೆರೆಸಿ ನೋಡಲು ಅವನಿಗೆ ಕಾಗದ ಸಾಲದು. ಲಟ್ಟಿಸುವ ಮಣೆ ಮಗುಚಿದರೆ ಹಿಂಬದಿಯಲ್ಲಿ ಹದಿನೇಳು ಹಸಿರು! ಪಕ್ಕದ ಮನೆಯ ಅಕ್ಕ ಒಣಹಾಕಿದ ಸೀರೆಯನ್ನು ತಿರುವಿ ತಿರುವಿ ನೋಡಿದನೆಂದು ಜಗಳವೇ ಆಯಿತು. "ಅವ ಸೀರಿ ನೋಡಿದ್ದಲ್ರಿ, ಹಾವಿನ ಬಾಲಾ ನೋಡಿದ್ದು" ಎಂದು ನಾನು ಸಮಾಧಾನ ಹೇಳಲು ಹೋಗಿ, ಆಕೆ ನನ್ನ ಜೊತೆಗೂ ಮಾತು ಬಿಟ್ಟಳು.

ಹೀಗೆ ಮೂರು ವಾರ. ನಿನ್ನೆ ಸಂಜೆ ಎಲ್ಲ ಮುಗಿಯಿತೆಂದು ಬೊಂಬೆಗಳ ಮೇಲೆ ಪಂಚೆ ಮುಚ್ಚಿಟ್ಟ. ಯಾರಿಗೂ ತೋರಿಸಲಿಲ್ಲ. ಇವತ್ತು ಒಂದು ರೆಕ್ಕೆ ಬಿದ್ದು ಅಕ್ಕಿಗೆ ಸೇರಿದ್ದನ್ನು ಅಂಟಿಸಿ, ಎಲ್ಲರನ್ನೂ ತಾನೇ ಇಡ್ಲಿ ತಟ್ಟೆಯಲ್ಲಿ ಕೂರಿಸಿ, ಮೇಲೆ ಬಟ್ಟೆ ಸುತ್ತಿ ನನ್ನ ಕೈಗೆ ಕೊಟ್ಟು, ಹಿಂದೆಯೇ ಕುಂಟುತ್ತ ಬಂದ.

ಮೇಡಂ ಮನೆಯಲ್ಲಿ ಆಟದವರೆಲ್ಲ ಆಗಲೇ ಸೇರಿದ್ದರು. ನಾನು ಬಟ್ಟೆ ಬಿಚ್ಚಿದೆ. ಹಲ್ಲಿನ ಡಾಕ್ಟರು ಬಾಯಿ ತೆರೆದವರು ಮುಚ್ಚಲಿಲ್ಲ.

ಮೇಲರ್ಧದ ಮಾತು ಬಿಡಿ, ಮೀನಿನ ಬೆನ್ನಿನ ಹಾಗೆ ಮಿಂಚುತ್ತಿತ್ತು. ಆದರೆ ಹನ್ನೆರಡಕ್ಕೆ ಹನ್ನೆರಡೂ ಸೊಂಟದ ಕೆಳಗೆ ಕೆಂಪು! ಒಂದೇ ಕೆಂಪು, ಇಟ್ಟಿಗೆಯಂಥ ಕೆಂಪು. ನಡುವೆ ಅಳತೆ ಹಿಡಿದು ಎಳೆದ ನೇರ ಬಿಳಿ ಗೆರೆ. ಸಾಲದ್ದಕ್ಕೆ ದೈತ್ಯನ ತೊಡೆಯ ಮೇಲೆ ಕೆಳಗಿನಿಂದ ಮೇಲಕ್ಕೆ ಎರಡು, ನಾಲ್ಕು, ಆರು, ಎಂಟು ಎಂದು ಬಿಳಿ ಅಂಕಿಗಳು!

"ಇವರೆಲ್ಲ ಯಾಕೆ ಕೆಂಪು ಪ್ಯಾಂಟು ಹಾಕಿದ್ದಾರೆ?" ಎಂದು ಮೇಡಂ ಮೆಲ್ಲಗೆ ಕೇಳಿದರು.

ಮೈದುನ ಗೊತ್ತಿದ್ದವನ ಗತ್ತಿನಲ್ಲಿ ಹೇಳಿದ: "ನೀರಾಗ ಮುಳುಗೂ ಭಾಗಕ್ಕ ಕೆಂಪು ಹಚ್ಚಲಿಕ್ಕೇ ಬೇಕ್ರಿ. ಇಲ್ಲಂದ್ರ ಚಿಪ್ಪು ಹತ್ತತಾವ, ಪಾಚಿ ಹಿಡೀತೈತಿ. ನಂಬರ್ ಎಷ್ಟು ಆಳ ಮುಳುಗ್ಯಾನ ಅಂತ ನೋಡಾಕ."

ನಾನದನ್ನು ನನ್ನ ಹರಕು ಹಿಂದಿಯಲ್ಲಿ ಹೇಳಿದೆ. ಗಡ್ಡದವರು ನಕ್ಕು ನಕ್ಕು ಕೆಮ್ಮಿದರು. ಮೇಡಂ ನಗಲಿಲ್ಲ. ರೆಕ್ಕೆಹಾವನ್ನು ಎತ್ತಿ ತುಂಬ ಹೊತ್ತು ನೋಡಿದರು. ಆಮೇಲೆ ಕೇಳಿದರು: "ಮೇಲಿನ ಅರ್ಧ ನೀನು ಮಾಡಿದ್ದು, ಕಾಣುತ್ತದೆ. ಕೆಳಗಿನ ಅರ್ಧ ಯಾರು ಮಾಡಿದ್ದು?"

ಮೇಡಂ ಬಟ್ಟೆ ಮುಚ್ಚಿ ಸ್ಟ್ಯಾಂಡನ್ನು ಅವನ ಕೈಗೇ ಕೊಟ್ಟರು. ಸರಿಮಾಡಿ ಬರುವ ಭಾನುವಾರ ತಾ ಅಂದರು. ಬರುವ ಭಾನುವಾರ! ನಡುವೆ ಒಂದು ಸೋಮವಾರ ಇದೆಯೆಂದು ಅವರಿಗೇನು ಗೊತ್ತು?

ಗುಡ್ಡ ಇಳಿಯುವಾಗ ಅರ್ಧ ದಾರಿಯವರೆಗೆ ಸ್ಟ್ಯಾಂಡನ್ನು ಅವನೇ ಹೊತ್ತ. ಆಮೇಲೆ ಕೆಂಪುಕಲ್ಲಿನ ಒಂದು ಮೋಟು ಗೋಡೆಯ ಮೇಲೆ ಕೂತು, ಮೊಣಕಾಲು ಉಜ್ಜಿಕೊಂಡ.

"ವೈನಿ, ಆ ಕೆಂಪು ನಾ ಆರಿಸಿದ್ದಲ್ರಿ."

"ಮತ್ತ್ಯಾರು ಆರಿಸಿದ್ರು? ಬೆಕ್ಕ ಬಂದು ಹಚ್ಚಿತೇನು?"

"ಕೈ ತಾನಽ ಹಚ್ಚಿ ಬಿಡ್ತು. ಇಪ್ಪತ್ತಾರು ವರ್ಷ ಮ್ಯಾಲ ನಿಂತವರು ಹೇಳಿದ ಬಣ್ಣಾ ಹಚ್ಚೇನಿ. ನಿನಗ ಯಾವುದು ಚಂದ ಅನಸತೈತಿ ಅಂತ ಒಬ್ಬರೂ ಕೇಳಿದ್ದಿಲ್ಲ. ಈಕಿ ಕೇಳಿದ್ಲು, ಮ್ಯಾಲಿನ ಅರ್ಧಕ್ಕ ಹೆಂಗೋ ಹುಡುಕಿದೆ. ಕೆಳಗ ಬರೂದ್ರಾಗ ಧೈರ್ಯ ತೀರಿ ಹೋತ್ರಿ."

ಇಷ್ಟು ದಿನ ನಾನು ಇವನ ಮೇಲೆ ನಕ್ಕವಳು, ಪಕ್ಕದವರ ಜೊತೆ ಇವನ ಕಥೆ ಹೇಳಿ ಚಹಾ ಕುಡಿದವಳು. ಸ್ಟ್ಯಾಂಡು ಇಸಕೊಂಡೆ. ಇಬ್ಬರೂ ಇಳಿದು ಬಂದೆವು.

ಮನೆಯಲ್ಲಿ ಯಜಮಾನರು ನಮ್ಮ ಮುಖ ನೋಡಿಯೇ ತಿಳಿದುಕೊಂಡರು. "ನಾಳೆ ಏಳರ ಬಸ್ಸು" ಅಂದರು, ಅಷ್ಟೇ. ನಾನು ಟ್ರಂಕಿನಿಂದ ಮೈದುನನ ಎರಡು ಅಂಗಿ ತೆಗೆದು ಚೀಲಕ್ಕೆ ಹಾಕಿದೆ.

ಮೈದುನ ಕಿಟಕಿಯ ಪಕ್ಕ ಕೂತು ರೆಕ್ಕೆಹಾವಿನ ಕೆಂಪನ್ನು ಬ್ಲೇಡಿನ ತುದಿಯಿಂದ ಕೆರೆಯತೊಡಗಿದ. ನಾಳೆ ಹೋಗುವವನಿಗೆ ಇವತ್ತು ಇದೆಂಥ ಉಸಾಬರಿ? ಹತ್ತಿರ ಹೋಗಿ ನೋಡಿದೆ. ಪೂರ್ತಿ ಕೆರೆಯುತ್ತಿರಲಿಲ್ಲ. ಇಲ್ಲಿಷ್ಟು, ಅಲ್ಲಿಷ್ಟು. ಕೆಂಪು ಎದ್ದಲ್ಲಿ ಕೆಳಗಿನ ಹಸಿರು, ಹಸಿರು ಎದ್ದಲ್ಲಿ ಅದರಡಿಯ ನೀಲಿ. ಮನಸ್ಸಿಗೆ ಬಾರದೆ ಮುಚ್ಚಿಹಾಕಿದ ಬಣ್ಣಗಳೆಲ್ಲ ಒಂದರೊಳಗಿಂದ ಒಂದು ಇಣುಕುತ್ತಿದ್ದವು. ಹಾವಿಗೆ ಪೊರೆ ಬರುತ್ತಿತ್ತು!

"ಇದೆಲ್ಲಿ ಕಲ್ತೆಪಾ?"

"ಹಡಗದ ಹಳೇ ಬಣ್ಣಾ ಕೆರೀತಿದ್ವಲ್ರಿ, ಒಂದರ ಕೆಳಗ ಒಂದು ಬರ್ತಿತ್ತು. ಯಾವ್ಯಾವ ಕಾಲದ್ದೋ. ಭಾಳ ಚಂದ ಕಾಣ್ತಿತ್ತು ವೈನಿ. ಮ್ಯಾಲ ಕೆಂಪು ಬಳೀಲಿಕ್ಕೆ ಮನಸ ಬರ್ತಿದ್ದಿಲ್ಲ. ಬೈತಾರಂತ ಬಳೀತಿದ್ದೆ."

ಹಿಂದೆ ಯಜಮಾನರು ಬಂದು ನಿಂತಿದ್ದು ನಮಗೆ ಗೊತ್ತಾಗಲಿಲ್ಲ. ಬಗ್ಗಿ, ತಮ್ಮನ ಕೈಯಿಂದ ಹಾವನ್ನು ಇಸಕೊಂಡು, ಬಾಗಿಲ ಬೆಳಕಿಗೆ ಹೋದರು. ತಿರುಗಿಸಿ ತಿರುಗಿಸಿ ನೋಡಿದರು. ಬೈಯುತ್ತಾರೆಂದು ನಾನು ಕಾದೆ. ಅವರು ಜೇಬಿನಿಂದ ಫೋನು ತೆಗೆದರು.

"ಸಾಹೇಬ್ರ, ನಾಳೆ ನಮ್ಮ ತಮ್ಮ ಬರೂದಿಲ್ರಿ... ಇಲ್ರಿ, ಆರಾಮ ಅದಾನ... ಇಲ್ರಿ, ನಾಡದೂ ಇಲ್ಲ. ಅವಂದು ಕೆಲಸ ಅರ್ಧಕ್ಕ ನಿಂತೈತ್ರಿ. ಅವನಽ ಮಾಡಬೇಕು, ಬ್ಯಾರೇದವರಿಗೆ ಬರೂದಿಲ್ಲ."

ಫೋನು ಇಟ್ಟವರು ನಮ್ಮ ಕಡೆ ನೋಡಲಿಲ್ಲ. ಹಾವನ್ನು ಮೆಲ್ಲಗೆ ಕಿಟಕಿಯ ಕಟ್ಟೆಯ ಮೇಲಿಟ್ಟು, ನಳ ತಿರುವಿ ಸುಮ್ಮಸುಮ್ಮನೆ ಕೈ ತೊಳೆದರು. ನಾನು ಚೀಲದಿಂದ ಅಂಗಿಗಳನ್ನು ತೆಗೆದು ಮತ್ತೆ ಟ್ರಂಕಿನಲ್ಲಿಟ್ಟೆ.

ಊಟಕ್ಕೆ ಜೋಳದ ರೊಟ್ಟಿ, ಹೆಸರುಕಾಳಿನ ಪಲ್ಯ, ಶೇಂಗಾ ಚಟ್ನಿ, ಮೊಸರು. ಮೈದುನ ಮೂರು ರೊಟ್ಟಿ ತಿಂದ. ಮೊದಲು ನಿದ್ದೆ ಹೋದವನೂ ಅವನೇ, ಗೋಡೆಗೆ ಒರಗಿದ್ದಲ್ಲೇ. ಯಜಮಾನರು ಎದ್ದು, ತಮ್ಮನ ತಲೆಯ ಕೆಳಗೆ ದಿಂಬು ಕೊಟ್ಟು, ಟಿವಿಯ ದನಿ ಸಣ್ಣ ಮಾಡಿದರು.